ಮನೆಗಾಗಿ ಯಾವ ಕಚೇರಿಯ ಮೆಟ್ಟಿಲು ಹತ್ತಬೇಕು?

"ನಿಮ್ಮೂರಿಗೆ ಈ ಸಲ ಎಷ್ಟು ಮನೆ ಬಂದಾವ?" ದಾವಣಗೆರೆ, ಚಿತ್ರದುರ್ಗದ ಯಾವ ಹಳ್ಳಿಯ ಕಟ್ಟೆ ಮೇಲೆ ಕೂತರೂ ಈ ಮಾತು ಕಿವಿಗೆ ಬೀಳುತ್ತದೆ. ಮನೆ ಅನ್ನುವುದು ಮಳೆಯ ಹಾಗೆ ಮೇಲಿಂದ ಬರುತ್ತದೆ, ಪುಣ್ಯ ಇದ್ದವರ ಮೇಲೆ ಬೀಳುತ್ತದೆ ಅನ್ನುವ ಹಾಗೆ ನಾವು ಮಾತಾಡುತ್ತೇವೆ. ಆದರೆ ಬರುವ ಪ್ರತಿ ಮನೆಯ ಹಿಂದೆ ಒಂದು ಪಟ್ಟಿ ಇದೆ. ಆ ಪಟ್ಟಿಯನ್ನು ಎಲ್ಲಿ ಮಾಡಬೇಕು, ಯಾರು ಮಾಡಬೇಕು ಅಂತ ಕಾನೂನೇ ಹೇಳಿದೆ. ಅದು ತಿಳಿದಿದ್ದರೆ ಅರ್ಧ ಅಲೆದಾಟ ತಪ್ಪುತ್ತದೆ.

ತಿಳಿಯದೆ ಹೋದರೆ ಏನಾಗುತ್ತದೆ ನೋಡಿ. ಜಗಳೂರು ಕಡೆಯ ಕೂಲಿ ಹೆಣ್ಣುಮಗಳೊಬ್ಬಳು ಒಂದು ದಿನದ ಕೂಲಿ ಬಿಟ್ಟು, ಬಸ್ ಹತ್ತಿ, ಜಿಲ್ಲಾಧಿಕಾರಿ ಕಚೇರಿಗೆ ಬಂದು ಮನೆ ಬೇಕು ಅಂತ ಅರ್ಜಿ ಕೊಡುತ್ತಾಳೆ. ಆ ಅರ್ಜಿಯ ಮೇಲೆ 'ನಿಯಮಾನುಸಾರ ಕ್ರಮ' ಅಂತ ಬರೆಯುತ್ತಾರೆ. ಅದು ಜಿಲ್ಲಾ ಪಂಚಾಯಿತಿಗೆ ಇಳಿಯುತ್ತದೆ, ಅಲ್ಲಿಂದ ತಾಲ್ಲೂಕು ಪಂಚಾಯಿತಿಗೆ, ಕೊನೆಗೆ ಅವಳ ಊರಿನ ಗ್ರಾಮ ಪಂಚಾಯಿತಿಗೇ ಬಂದು ಕೂರುತ್ತದೆ. ಅಷ್ಟರಲ್ಲಿ ಗ್ರಾಮಸಭೆ ಮುಗಿದು ಪಟ್ಟಿ ಹೋಗಿರುತ್ತದೆ. ಅವಳು ಹೋದ ಕಚೇರಿ ದೊಡ್ಡದೇ. ಆದರೆ ಅವಳ ಕೆಲಸ ಆಗುವ ಕಚೇರಿ ಅದಾಗಿರಲಿಲ್ಲ.

ಹಾಗಾಗಿ ಮೊದಲು ಒಂದು ಪ್ರಶ್ನೆ ಕೇಳಿಕೊಳ್ಳಿ. ನಮಗೆ ಇಲ್ಲದಿರುವುದು ಯಾವುದು? ಜಾಗವೋ, ಜಾಗ ಇದ್ದು ಮನೆಯೋ, ಮನೆ ಇದ್ದು ಅದರ ಕಾಗದವೋ? ಇಲ್ಲಾ ನೆಮ್ಮದಿಯ ಬಾಡಿಗೆ ಮನೆಯೋ? ನಾಲ್ಕಕ್ಕೂ ಕಚೇರಿ ಬೇರೆ, ಕಾನೂನು ಬೇರೆ. ಎಲ್ಲವನ್ನೂ 'ಆಶ್ರಯ ಮನೆ' ಅಂತ ಒಂದೇ ಹೆಸರಲ್ಲಿ ಕರೆಯುವುದರಿಂದ ಗೊಂದಲ ಶುರುವಾಗುತ್ತದೆ.

ಎರಡನೇ ಪ್ರಶ್ನೆ, ನೀವಿರುವುದು ಹಳ್ಳಿಯೋ ಪಟ್ಟಣವೋ? ಇದು ಸುಲಭ ಅನ್ನಿಸುತ್ತದೆ, ಆದರೆ ದಾವಣಗೆರೆಯ ಸುತ್ತ ಅಷ್ಟು ಸುಲಭವಲ್ಲ. ದೊಡ್ಡಬಾತಿ, ತೋಳಹುಣಸೆ ನೋಡಲಿಕ್ಕೆ ಊರಿಗೆ ಅಂಟಿಕೊಂಡ ಹಾಗೇ ಇವೆ, ಆದರೆ ಅವು ಪಂಚಾಯಿತಿ. ನೀವು ಮನೆ ಕಂದಾಯ ಯಾರಿಗೆ ಕಟ್ಟುತ್ತೀರಿ ಅನ್ನುವುದನ್ನು ನೋಡಿ. ರಸೀದಿ ಗ್ರಾಮ ಪಂಚಾಯಿತಿಯದ್ದಾದರೆ ನೀವು ಹಳ್ಳಿಯವರು. ಪಾಲಿಕೆ, ನಗರಸಭೆ, ಪಟ್ಟಣ ಪಂಚಾಯಿತಿಯದ್ದಾದರೆ ಪಟ್ಟಣದವರು.

ಹಳ್ಳಿಯಲ್ಲಿ ಎಲ್ಲಾ ತೀರ್ಮಾನ ಗ್ರಾಮಸಭೆಯಲ್ಲಿ

ಹಳ್ಳಿಯ ಬಡವರಿಗೆ ಸರ್ಕಾರದ ಮನೆ ಸಿಗುವ ದಾರಿಗಳು ಮುಖ್ಯವಾಗಿ ಮೂರು. ಕೇಂದ್ರದ ಪ್ರಧಾನಮಂತ್ರಿ ಆವಾಸ್ ಯೋಜನೆ, ರಾಜ್ಯದ ಬಸವ ವಸತಿ ಯೋಜನೆ, ಪರಿಶಿಷ್ಟ ಜಾತಿ ಮತ್ತು ಪಂಗಡದವರಿಗೆ ಡಾ. ಬಿ.ಆರ್. ಅಂಬೇಡ್ಕರ್ ನಿವಾಸ್ ಯೋಜನೆ. ಇವಲ್ಲದೆ ವಿಧವೆಯರು, ಅಂಗವಿಕಲರು ಮುಂತಾದವರಿಗೆ ದೇವರಾಜ ಅರಸು ಹೆಸರಿನ ಯೋಜನೆ ಇದೆ. ಹೆಸರು ಯಾವುದೇ ಇರಲಿ, ರಾಜ್ಯದಲ್ಲಿ ಇವನ್ನೆಲ್ಲ ನಡೆಸುವುದು 2000ದಲ್ಲಿ ಶುರುವಾದ ರಾಜೀವ್ ಗಾಂಧಿ ವಸತಿ ನಿಗಮ. ನಿಗಮ ಬೆಂಗಳೂರಿನಲ್ಲಿದೆ. ನಿಮ್ಮ ಹೆಸರು ಆ ನಿಗಮದ ಕಂಪ್ಯೂಟರ್ ಸೇರುವುದು ಮಾತ್ರ ನಿಮ್ಮೂರಿನ ಪಂಚಾಯಿತಿಯಿಂದಲೇ.

ಫಲಾನುಭವಿಗಳನ್ನು ಆಯ್ಕೆ ಮಾಡುವುದು ಗ್ರಾಮಸಭೆಯ ಕೆಲಸ. ಅಧ್ಯಕ್ಷರು ಒಬ್ಬರೇ ಮಾಡುವ ಹಾಗಿಲ್ಲ, ಪಂಚಾಯಿತಿ ಅಭಿವೃದ್ಧಿ ಅಧಿಕಾರಿ (ಪಿಡಿಒ) ಕೂಡ ಮಾಡುವ ಹಾಗಿಲ್ಲ. ಕರ್ನಾಟಕದ 1993ರ ಪಂಚಾಯತ್ ರಾಜ್ ಕಾಯ್ದೆ ಪ್ರಕಾರ ಗ್ರಾಮಸಭೆ ಆರು ತಿಂಗಳಿಗೊಮ್ಮೆಯಾದರೂ ನಡೆಯಬೇಕು. ಊರಿನ ಮತದಾರರೆಲ್ಲ ಅದರ ಸದಸ್ಯರು. ಅಂದರೆ ಅಲ್ಲಿ ನೀವು ಬೇಡಲಿಕ್ಕೆ ಹೋದವರಲ್ಲ, ತೀರ್ಮಾನ ಮಾಡಲಿಕ್ಕೆ ಹೋದವರು. ಮನೆ ಹಂಚಿಕೆಗೆಂದೇ ವಿಶೇಷ ಗ್ರಾಮಸಭೆ ಕರೆಯುವುದೂ ಉಂಟು. ದಿನಾಂಕವನ್ನು ಪಂಚಾಯಿತಿ ಬೋರ್ಡಿಗೆ ಹಚ್ಚುತ್ತಾರೆ, ಆಟೋದಲ್ಲಿ ಮೈಕ್ ಕಟ್ಟಿ ಹೇಳುತ್ತಾರೆ, ಕೆಲವು ಕಡೆ ಡಂಗುರ ಸಾರುತ್ತಾರೆ. ಕೂಲಿಗೆ ಹೋದವರ ಕಿವಿಗೆ ಇದು ಬೀಳುವುದೇ ಇಲ್ಲ. ಬೋರ್ಡ್ ನೋಡಿ ಬರುವ ಕೆಲಸವನ್ನು ಓದು ಬರುವ ಮಗನಿಗೋ ಮಗಳಿಗೋ ಹಚ್ಚಿ.

ಸಭೆಯಲ್ಲಿ ಸುಮ್ನೆ ಕೂತು ಬಂದರೆ ಪ್ರಯೋಜನ ಇಲ್ಲ. ಸಹಿ ತೆಗೆದುಕೊಂಡು ಕಳಿಸುತ್ತಾರೆ, ಪಟ್ಟಿ ಆಮೇಲೆ ಬರೆಯುತ್ತಾರೆ ಅನ್ನುವ ದೂರು ಹೊಸದೇನಲ್ಲ. ಆಯ್ಕೆಯಾದ ಹೆಸರುಗಳನ್ನು ಸಭೆಯಲ್ಲೇ ಗಟ್ಟಿಯಾಗಿ ಓದಿ ಅಂತ ಕೇಳಿ. ನಡಾವಳಿ ಪುಸ್ತಕದಲ್ಲಿ ಹೆಸರುಗಳನ್ನು ಬರೆದ ಮೇಲೆ ಸಹಿ ಹಾಕಿ. ಖಾಲಿ ಹಾಳೆಗೆ ಸಹಿ ಬೇಡವೇ ಬೇಡ. ಒಬ್ಬರೇ ಕೇಳಿದರೆ ಬಾಯಿ ಮುಚ್ಚಿಸುತ್ತಾರೆ ಅನ್ನುವ ಭಯ ಇದ್ದರೆ ಸ್ವಸಹಾಯ ಸಂಘದ ಹೆಣ್ಣುಮಕ್ಕಳು ಒಟ್ಟಾಗಿ ಹೋಗಿ. ನನ್ನ ಪ್ರಕಾರ ಮನೆ ವಿಷಯದಲ್ಲಿ ಬಡವರ ಕೈಯಲ್ಲಿರುವ ದೊಡ್ಡ ಬಲ ಗ್ರಾಮಸಭೆಯೇ. ಶಾಸಕರ ಮನೆ ಮುಂದೆ ಬೆಳಗಿನಿಂದ ಕಾಯುವ ಜನ ಗ್ರಾಮಸಭೆಗೆ ಬರುವುದಿಲ್ಲವಲ್ಲ ಅನ್ನುವುದೇ ನನ್ನ ಸಂಕಟ.

ಇನ್ನೊಂದು ವಿಷಯ. ಪಂಚಾಯಿತಿಯಲ್ಲಿ 'ವಸತಿ ರಹಿತರು' ಬೇರೆ, 'ನಿವೇಶನ ರಹಿತರು' ಬೇರೆ. ಜಾಗ ಇದ್ದು ಮನೆ ಇಲ್ಲದವರು ಮೊದಲನೆಯವರು. ಜಾಗವೂ ಇಲ್ಲದವರು ಎರಡನೆಯವರು. ಜಾಗ ಇಲ್ಲದವರ ಹೆಸರು ಬರೀ ಮನೆಯ ಪಟ್ಟಿಯಲ್ಲಿದ್ದರೆ, ಮನೆ ಮಂಜೂರಾದರೂ ಕಟ್ಟಲಿಕ್ಕೆ ನೆಲ ಇರುವುದಿಲ್ಲ. ನಿಮ್ಮ ಹೆಸರು ಯಾವುದರಲ್ಲಿದೆ ಅಂತ ಕೇಳಿ ತಿಳಿಯಿರಿ.

ಪ್ರಧಾನಮಂತ್ರಿ ಆವಾಸ್ ಗ್ರಾಮೀಣ ಯೋಜನೆಗೆ ಯಾರು ಅರ್ಹರು ಅನ್ನುವುದರಲ್ಲೂ ಹಳೆಯ ಮಾತುಗಳು ಇನ್ನೂ ಓಡಾಡುತ್ತಿವೆ. ಬೈಕ್ ಇದ್ದರೆ ಮನೆ ಸಿಗಲ್ಲ ಅಂತ ಈಗಲೂ ಹೇಳುವವರಿದ್ದಾರೆ. ಮೊದಲು ಹಾಗಿತ್ತು, 2024ರಲ್ಲಿ ಆ ನಿಯಮ ತೆಗೆದರು. ಫ್ರಿಜ್ ಇದ್ದರೂ ಅಡ್ಡಿಯಿಲ್ಲ. ಆದರೆ ಆಟೋ, ಕಾರಿನಂಥ ಮೂರು ಅಥವಾ ನಾಲ್ಕು ಚಕ್ರದ ವಾಹನ ಇರಬಾರದು. ಮನೆಯಲ್ಲಿ ಯಾರೂ ತಿಂಗಳಿಗೆ 15,000 ರೂಪಾಯಿಗಿಂತ ಜಾಸ್ತಿ ದುಡಿಯುವವರಿರಬಾರದು. ನೀರಾವರಿ ಜಮೀನು ಎರಡೂವರೆ ಎಕರೆ ಮುಟ್ಟಿದರೆ, ಖುಷ್ಕಿ ಐದು ಎಕರೆ ಮುಟ್ಟಿದರೆ ಹೆಸರು ಬಿಡುತ್ತಾರೆ. ಭದ್ರಾ ನಾಲೆಯ ನೀರು ಕಂಡ ಹರಿಹರದ ರೈತನಿಗೂ ಮಳೆ ನಂಬಿದ ಮೊಳಕಾಲ್ಮೂರಿನ ರೈತನಿಗೂ ಇಲ್ಲಿ ಲೆಕ್ಕ ಬೇರೆ ಆಗುತ್ತದೆ.

ಹಣ ಎಷ್ಟು ಬರುತ್ತದೆ? ಈ ಯೋಜನೆಯಲ್ಲಿ ಬಯಲು ಸೀಮೆಗೆ ಕೇಂದ್ರ ನಿಗದಿ ಮಾಡಿದ ಮೊತ್ತ 1.20 ಲಕ್ಷ. ಅದರ ಜೊತೆ ಉದ್ಯೋಗ ಖಾತ್ರಿಯಲ್ಲಿ 90 ದಿನಗಳ ಕೂಲಿ, ಶೌಚಾಲಯಕ್ಕೆ 12,000 ರೂಪಾಯಿ. ಮನೆ ಕನಿಷ್ಠ 25 ಚದರ ಮೀಟರ್ ಇರಬೇಕು, ಅಂದರೆ ಸುಮಾರು 270 ಚದರ ಅಡಿ. ಇಷ್ಟರಲ್ಲಿ ಮನೆ ಮುಗಿಯುವುದಿಲ್ಲ ಅನ್ನುವುದು ಕಟ್ಟಿದವರಿಗೆಲ್ಲ ಗೊತ್ತು. ಕಪ್ಪು ಮಣ್ಣಿನ ನೆಲದಲ್ಲಿ ಪಾಯಕ್ಕೇ ದುಡ್ಡು ಇಳಿದುಹೋಗುತ್ತದೆ. ಆದ್ದರಿಂದ ದೊಡ್ಡ ಪಾಯ ಹಾಕಿ ಗೋಡೆಯಲ್ಲಿ ನಿಲ್ಲಿಸಬೇಡಿ. ಚಿಕ್ಕದಾಗಿ ಪೂರ್ತಿ ಮುಗಿಸಿ, ಮುಂದೆ ಬೆಳೆಸಲಿಕ್ಕೆ ಜಾಗ ಬಿಟ್ಟುಕೊಳ್ಳಿ. ಹಣ ಒಟ್ಟಿಗೆ ಬರುವುದಿಲ್ಲ. ಪಾಯ, ಲಿಂಟಲ್, ಛಾವಣಿ, ಪೂರ್ಣ ಹೀಗೆ ಹಂತ ಹಂತವಾಗಿ, ಜಿಪಿಎಸ್ ಫೋಟೋ ತೆಗೆದ ಮೇಲೆ ನೇರ ನಿಮ್ಮ ಬ್ಯಾಂಕ್ ಖಾತೆಗೆ ಬರುತ್ತದೆ. ಆಧಾರ್ ಜೋಡಣೆ ಆಗದ ಖಾತೆ ಇದ್ದರೆ ಬಿಲ್ಲು ಅಲ್ಲೇ ನಿಲ್ಲುತ್ತದೆ. ಫೋಟೋ ತೆಗೆಯಲಿಕ್ಕೆ ದುಡ್ಡು ಕೇಳಿದರೆ ಅದು ಲಂಚ, ಬೇರೆ ಹೆಸರಿಲ್ಲ. ಕಾಮಗಾರಿ ಆದೇಶ ಕೈಗೆ ಬರುವ ಮೊದಲು ಹಳೇ ಮನೆ ಕೆಡವಬೇಡಿ. ಕೆಡವಿ ಟಾರ್ಪಾಲು ಹೊದ್ದು ಮಳೆಗಾಲ ಕಳೆದ ಕುಟುಂಬಗಳಿವೆ.

ಕಾಗದದಲ್ಲಿ ಸಿಕ್ಕಿಬೀಳುವುದು ಸಾಮಾನ್ಯವಾಗಿ ಎಲ್ಲಿ ಅಂದರೆ ಖಾತೆಯಲ್ಲಿ. ಜಾಗ ತೀರಿಹೋದ ಅಪ್ಪನ ಹೆಸರಲ್ಲಿರುತ್ತದೆ, ನಾಲ್ಕು ಜನ ಅಣ್ಣತಮ್ಮಂದಿರು. ಪೌತಿ ಖಾತೆ ಮಾಡಿಸಿ, ಅಂದರೆ ತೀರಿಹೋದವರ ಹೆಸರಿನ ಖಾತೆಯನ್ನು ವಾರಸುದಾರರ ಹೆಸರಿಗೆ ಮಾಡಿಸಿ, ಭಾಗ ಆಗಿದ್ದರೆ ವಿಭಾಗ ಪತ್ರ ನೋಂದಣಿ ಮಾಡಿಸಿ. ಪಂಚಾಯಿತಿಯಲ್ಲಿ ಇ-ಸ್ವತ್ತು ನಮೂನೆ, ಅಂದರೆ ಕಂಪ್ಯೂಟರಿನಲ್ಲಿ ದಾಖಲಾದ ಆಸ್ತಿಯ ಕಾಗದ, ತೆಗೆಸಿಕೊಳ್ಳಿ. ಮನೆ ಹೆಣ್ಣುಮಗಳ ಹೆಸರಿಗೆ, ಇಲ್ಲವೇ ಗಂಡ ಹೆಂಡತಿ ಇಬ್ಬರ ಹೆಸರಿಗೆ ಮಂಜೂರು ಮಾಡುವುದು ವಾಡಿಕೆ, ಹಾಗೇ ಇರಲಿ. ಜಾತಿ, ಆದಾಯ ಪ್ರಮಾಣಪತ್ರ ನಾಡಕಚೇರಿಯಲ್ಲಿ ಸಿಗುತ್ತದೆ. ಗ್ರಾಮ ಒನ್ ಕೇಂದ್ರದಲ್ಲೂ ಅರ್ಜಿ ಹಾಕಬಹುದು. ಅಂದಹಾಗೆ, ಗ್ರಾಮ ಒನ್ 2020ರಲ್ಲಿ ಮೊದಲು ಪ್ರಯೋಗಕ್ಕೆ ಬಂದದ್ದೇ ದಾವಣಗೆರೆ ಜಿಲ್ಲೆಯಲ್ಲಿ.

ಮನೆ ಇದೆ, ಹಕ್ಕುಪತ್ರ ಇಲ್ಲ

ನಮ್ಮ ಎರಡೂ ಜಿಲ್ಲೆಗಳಲ್ಲಿ ತಾಂಡಾಗಳು, ಗೊಲ್ಲರಹಟ್ಟಿಗಳು, ನಾಯಕರ ಹಟ್ಟಿಗಳು ತುಂಬಾ ಇವೆ. ಸಂತ ಸೇವಾಲಾಲರು ಹುಟ್ಟಿದ ಜಾಗ ಅಂತ ಲಂಬಾಣಿಗರು ನಡೆದುಕೊಳ್ಳುವ ಸೂರಗೊಂಡನಕೊಪ್ಪ ನಮ್ಮ ನ್ಯಾಮತಿ ತಾಲ್ಲೂಕಿನದೇ. ಇಂಥ ಎಷ್ಟೋ ಕಡೆ ಮೂರು ತಲೆಮಾರಿನಿಂದ ಜನ ಬದುಕಿದ್ದಾರೆ. ಆದರೆ ದಾಖಲೆಯಲ್ಲಿ ಆ ನೆಲ ಸರ್ಕಾರದ್ದೋ, ಯಾರೋ ಜಮೀನ್ದಾರರದ್ದೋ ಆಗಿರುತ್ತದೆ. ಹಕ್ಕುಪತ್ರ ಇಲ್ಲದೆ ಬ್ಯಾಂಕ್ ಸಾಲ ಇಲ್ಲ, ಮನೆ ಮಂಜೂರು ಇಲ್ಲ, ನಾಳೆ ಎಬ್ಬಿಸಿದರೆ ಕೇಳಲಿಕ್ಕೆ ಆಧಾರ ಇಲ್ಲ.

ಇದಕ್ಕೆ ಹೋಗಬೇಕಾದ ಕಚೇರಿ ಪಂಚಾಯಿತಿಯದ್ದಲ್ಲ, ತಹಸೀಲ್ದಾರರದ್ದು. ಭೂ ಕಂದಾಯ ಕಾಯ್ದೆಯ 94ಸಿ ಕಲಂ ಹಳ್ಳಿಯಲ್ಲಿ ಸರ್ಕಾರಿ ಜಾಗದಲ್ಲಿ ಮನೆ ಕಟ್ಟಿಕೊಂಡವರಿಗೆ, 94ಸಿಸಿ ಪಟ್ಟಣದಲ್ಲಿ ಹಾಗೆ ಕಟ್ಟಿಕೊಂಡವರಿಗೆ. ದಾಖಲೆಯಲ್ಲೇ ಇಲ್ಲದ ತಾಂಡಾ, ಹಟ್ಟಿಗಳಿಗೆ ಬೇರೆ ದಾರಿ ಇದೆ. ಸರ್ಕಾರಿ ನೆಲದ ಮೇಲಿದ್ದರೆ 94ಡಿ. ಖಾಸಗಿ ನೆಲದ ಮೇಲೆ ಕೃಷಿ ಕಾರ್ಮಿಕರು ನೆಲೆಸಿದ್ದರೆ 1961ರ ಭೂ ಸುಧಾರಣೆ ಕಾಯ್ದೆಯ 38ಎ. ಆ ವಸತಿಯನ್ನು ಮೊದಲು ಕಂದಾಯ ಗ್ರಾಮ ಅಥವಾ ಉಪಗ್ರಾಮ ಅಂತ ಘೋಷಿಸುತ್ತಾರೆ, ಆಮೇಲೆ ಮನೆ ಮನೆ ಸರ್ವೆ ಮಾಡಿ ಹಕ್ಕುಪತ್ರ ಕೊಡುತ್ತಾರೆ. 2025ರ ಮೇ ತಿಂಗಳಲ್ಲಿ ಹೊಸಪೇಟೆಯ ಸಮಾವೇಶದಲ್ಲಿ ರಾಜ್ಯದ ಇಂಥ ಒಂದು ಲಕ್ಷಕ್ಕೂ ಹೆಚ್ಚು ಕುಟುಂಬಗಳಿಗೆ ಹಕ್ಕುಪತ್ರ ಕೊಟ್ಟರು.

ಸರ್ವೆಗೆ ಬಂದ ದಿನ ಮನೆಗೆ ಬೀಗ ಹಾಕಿದ್ದರೆ ಹೆಸರು ಬಿಟ್ಟುಹೋಗುತ್ತದೆ. ಕಾಫಿ ಸೀಮೆಗೆ, ಕಬ್ಬು ಕಡಿಯಲಿಕ್ಕೆ ಗುಳೆ ಹೋಗುವ ತಾಂಡಾದ ಜನರಿಗೆ ಆಗುವ ದೊಡ್ಡ ಅನ್ಯಾಯ ಇದು. ಹೋಗುವ ಮುಂಚೆ ಹಳೇ ಕರೆಂಟ್ ಬಿಲ್, ರೇಷನ್ ಕಾರ್ಡ್, ಮತದಾರರ ಚೀಟಿ, ಕಂದಾಯದ ರಸೀದಿ ಇವುಗಳ ನಕಲನ್ನು ಊರಲ್ಲಿ ಉಳಿಯುವ ಹಿರಿಯರ ಕೈಗೆ ಕೊಟ್ಟು ಹೋಗಿ. ಇಷ್ಟು ವರ್ಷದಿಂದ ಇಲ್ಲೇ ಇದ್ದೀವಿ ಅನ್ನುವುದಕ್ಕೆ ಅವೇ ಸಾಕ್ಷಿ. ಕೆರೆ ಅಂಗಳ, ಅರಣ್ಯ, ಸ್ಮಶಾನ, ರಸ್ತೆಯ ಜಾಗದಲ್ಲಿದ್ದರೆ ಸಕ್ರಮ ಆಗುವುದಿಲ್ಲ. ಅಂಥ ಕಡೆ ಇರುವವರು ಬೇರೆ ನಿವೇಶನ ಕೊಡಿ ಅಂತ ಪಂಚಾಯಿತಿಗೆ ಅರ್ಜಿ ಹಾಕಬೇಕು. ಆಗುತ್ತದೆ ಅಂತ ಹೇಳಿ ದುಡ್ಡು ಕೇಳುವವರನ್ನು ನಂಬಬೇಡಿ.

ಪಟ್ಟಣದಲ್ಲಿ

ಪಟ್ಟಣದಲ್ಲಿ ಗ್ರಾಮಸಭೆ ಇಲ್ಲ. ಇಲ್ಲಿ ಫಲಾನುಭವಿಗಳನ್ನು ಆರಿಸುವ ಆಶ್ರಯ ಸಮಿತಿ ಇದೆ, ಅದಕ್ಕೆ ಕ್ಷೇತ್ರದ ಶಾಸಕರೇ ಅಧ್ಯಕ್ಷರು. ಅರ್ಜಿ ಕೊಡಬೇಕಾದ್ದು ದಾವಣಗೆರೆಯಲ್ಲಿ ಮಹಾನಗರ ಪಾಲಿಕೆಗೆ, ಚಿತ್ರದುರ್ಗದಲ್ಲಿ ನಗರಸಭೆಗೆ.

ಕೇಂದ್ರದ ನಗರ ಆವಾಸ್ ಯೋಜನೆಯ ಎರಡನೇ ಸುತ್ತು 2024ರಲ್ಲಿ ಶುರುವಾಯಿತು. ವರ್ಷಕ್ಕೆ 3 ಲಕ್ಷದವರೆಗೆ ಆದಾಯ ಇದ್ದು ಸ್ವಂತ ಜಾಗ ಇದ್ದರೆ ಮನೆ ಕಟ್ಟಲು ಕೇಂದ್ರದಿಂದ 1.50 ಲಕ್ಷ, ಅದರ ಮೇಲೆ ರಾಜ್ಯದ ಪಾಲು. ಬ್ಯಾಂಕ್ ಸಾಲ ಮಾಡಿ ಮನೆ ಕೊಳ್ಳುವವರಿಗೆ ಬಡ್ಡಿ ಸಹಾಯಧನ ಇದೆ, ಅದಕ್ಕೆ 9 ಲಕ್ಷದವರೆಗಿನ ಆದಾಯದವರೂ ಬರುತ್ತಾರೆ. ಮನೆಯ ಬೆಲೆ 35 ಲಕ್ಷ, ಸಾಲ 25 ಲಕ್ಷ ದಾಟಬಾರದು. ಸಾಲದ ಮೊದಲ 8 ಲಕ್ಷಕ್ಕೆ ಬಡ್ಡಿಯಲ್ಲಿ ಶೇ 4ರಷ್ಟು ಸಹಾಯಧನ, ಒಟ್ಟು ಹೆಚ್ಚೆಂದರೆ 1.80 ಲಕ್ಷ, ಐದು ಕಂತಿನಲ್ಲಿ. ಅಂಗಡಿ ಕೆಲಸ, ಗಾರ್ಮೆಂಟ್ಸ್ ಕೆಲಸ, ಖಾಸಗಿ ಶಾಲೆಯ ಮೇಷ್ಟ್ರ ಕೆಲಸ ಮಾಡುವವರಿಗೆ ಇದು ಉಪಯೋಗ, ಆದರೆ ಕೇಳುವವರು ಕಡಿಮೆ. ದೇಶದಲ್ಲಿ ಎಲ್ಲೂ ಪಕ್ಕಾ ಮನೆ ಇರಬಾರದು, ಹಿಂದಿನ 20 ವರ್ಷದಲ್ಲಿ ಸರ್ಕಾರದ ಬೇರೆ ವಸತಿ ಯೋಜನೆಯ ಲಾಭ ಪಡೆದಿರಬಾರದು ಅನ್ನುವ ಷರತ್ತು ಎಲ್ಲರಿಗೂ ಒಂದೇ.

ಕೊಳೆಗೇರಿಯಲ್ಲಿರುವವರಿಗೆ ಕರ್ನಾಟಕ ಕೊಳಗೇರಿ ಅಭಿವೃದ್ಧಿ ಮಂಡಳಿ ಬೇರೆಯೇ ಇದೆ. ಇಲ್ಲಿ ತಿಳಿದುಕೊಳ್ಳಬೇಕಾದ್ದು ಒಂದೇ, ನಿಮ್ಮ ಬಡಾವಣೆ ಘೋಷಿತವೋ ಅಘೋಷಿತವೋ? 1973ರ ಕೊಳೆಗೇರಿ ಕಾಯ್ದೆಯಡಿ ಘೋಷಣೆ ಆಗಿದ್ದರೆ ನೀರು, ಚರಂಡಿ, ಮನೆ, ಹಕ್ಕುಪತ್ರ ಎಲ್ಲಕ್ಕೂ ಮಂಡಳಿಯನ್ನು ಕೇಳಬಹುದು. ಏಕಾಏಕಿ ಎಬ್ಬಿಸುವುದೂ ಸುಲಭವಲ್ಲ. ಆಗಿರದಿದ್ದರೆ ಮೊದಲ ಹೋರಾಟ ಘೋಷಣೆಗೇ ಆಗಬೇಕು, ಮತ್ತು ಅದು ಇಡೀ ಬಡಾವಣೆಯವರು ಸೇರಿ ಮಾಡಬೇಕಾದ ಕೆಲಸ. ಸ್ಲಂ ಜನಾಂದೋಲನದಂಥ ಸಂಘಟನೆಗಳ ಕಾರ್ಯಕರ್ತರಿಗೆ ಈ ದಾರಿ ಚೆನ್ನಾಗಿ ಗೊತ್ತಿರುತ್ತದೆ.

ಸ್ವಲ್ಪ ದುಡ್ಡು ಕೂಡಿಟ್ಟವರಿಗೆ ಕರ್ನಾಟಕ ಗೃಹ ಮಂಡಳಿಯ ನಿವೇಶನ, ದೂಡಾ ಅಂತ ನಾವೆಲ್ಲ ಕರೆಯುವ ದಾವಣಗೆರೆ-ಹರಿಹರ ನಗರಾಭಿವೃದ್ಧಿ ಪ್ರಾಧಿಕಾರದ ನಿವೇಶನ ಇವೆ. ಪತ್ರಿಕೆಯಲ್ಲಿ ಪ್ರಕಟಣೆ ಬಂದಾಗ ಅರ್ಜಿ ಹಾಕಬೇಕು. ಪ್ರಕಟಣೆ ಇಲ್ಲದ ಸಮಯದಲ್ಲಿ 'ಸೈಟ್ ಮಾಡಿಸಿಕೊಡ್ತೀನಿ' ಅನ್ನುವವರು ಮಾಡಿಸಿಕೊಡುವುದಿಲ್ಲ.

ಬಾಂಡ್ ಪೇಪರಿನ ಸೈಟು

ಕಾಯಲಿಕ್ಕೆ ಆಗದವರು ಊರಾಚೆ ಕಂತಿನ ಮೇಲೆ ರೆವಿನ್ಯೂ ಸೈಟು ಕೊಳ್ಳುತ್ತಾರೆ. ಕೃಷಿ ಜಮೀನನ್ನು ಭೂ ಪರಿವರ್ತನೆ ಮಾಡಿಸದೆ, ಬಡಾವಣೆ ನಕ್ಷೆಗೆ ಮಂಜೂರಾತಿ ಇಲ್ಲದೆ, ಕಲ್ಲು ನೆಟ್ಟು ಮಾರುವ ಜಾಗ ಅದು. ಬಾಂಡ್ ಪೇಪರ್ ಮೇಲೆ ಬರೆದುಕೊಟ್ಟು, ನೋಟರಿ ಸೀಲ್ ಹೊಡೆಸಿ ಕೊಡುತ್ತಾರೆ. ಸೀಲ್ ನೋಡಿ ಜನ ನಂಬುತ್ತಾರೆ. ನೋಂದಣಿ ಆಗದ ಆ ಕಾಗದದಿಂದ ಜಾಗ ನಿಮ್ಮದಾಗುವುದಿಲ್ಲ. ಮಾರಿದವನು ಅದೇ ಜಾಗವನ್ನು ಇನ್ನೊಬ್ಬರಿಗೆ ನೋಂದಣಿ ಮಾಡಿಕೊಟ್ಟರೆ ನೀವು ವರ್ಷಗಟ್ಟಲೆ ಕೋರ್ಟು ಅಲೆಯಬೇಕಾಗುತ್ತದೆ.

ಮುಂಗಡ ಕೊಡುವ ಮುಂಚೆ ಉಪನೋಂದಣಿ ಕಚೇರಿಯಿಂದ ಇಸಿ, ಅಂದರೆ ಋಣಭಾರ ಪ್ರಮಾಣಪತ್ರ ತೆಗೆಸಿ. ಜಾಗ ಯಾರ್ಯಾರ ಕೈ ದಾಟಿದೆ, ಸಾಲ ಇದೆಯಾ ಅನ್ನುವುದು ಅದರಲ್ಲಿ ಕಾಣುತ್ತದೆ. ಇ-ಖಾತೆ ಇದೆಯಾ ಕೇಳಿ, ಅದಿಲ್ಲದೆ ಈಗ ನೋಂದಣಿಯೇ ಇಲ್ಲ. ಹಳ್ಳಿ ಮಿತಿಯಲ್ಲಾದರೆ ಇ-ಸ್ವತ್ತಿನ ನಮೂನೆ 9 ಮತ್ತು 11ಎ ಇರುವ ಜಾಗಕ್ಕೂ ಬರೀ 11ಬಿ ಇರುವ ಜಾಗಕ್ಕೂ ವ್ಯತ್ಯಾಸ ಬಹಳ. ಎರಡನೆಯದು ಕ್ರಮಬದ್ಧ ಅಲ್ಲದ ಆಸ್ತಿಯ ಪಟ್ಟಿ. 500 ಚದರ ಮೀಟರ್ ಮೀರಿದ ಅಥವಾ ಎಂಟಕ್ಕಿಂತ ಹೆಚ್ಚು ಸೈಟಿನ ಬಡಾವಣೆ ರೇರಾ ಅನ್ನುವ ರಿಯಲ್ ಎಸ್ಟೇಟ್ ನಿಯಂತ್ರಣ ಪ್ರಾಧಿಕಾರದಲ್ಲಿ ನೋಂದಣಿ ಆಗಿರಬೇಕು. ಆ ಸಂಖ್ಯೆ ಕೇಳಿದಾಗ ಮಾತು ತಿರುಗಿಸಿದರೆ ಎದ್ದು ಬನ್ನಿ.

ಈಗಾಗಲೇ ಮೋಸ ಹೋಗಿದ್ದರೆ ಜಿಲ್ಲಾ ಗ್ರಾಹಕರ ಆಯೋಗ ಇದೆ. ಕೊಟ್ಟ ಹಣ 5 ಲಕ್ಷದ ಒಳಗಿದ್ದರೆ ದೂರಿಗೆ ಶುಲ್ಕ ಇಲ್ಲ, ವಕೀಲರಿಲ್ಲದೆಯೂ ಹೋಗಬಹುದು. ಕಂತು ಕಟ್ಟಿದ ಚೀಟಿ, ಫೋನ್ ಪೇ ದಾಖಲೆ, ವಾಟ್ಸಾಪ್ ಮಾತು ಯಾವುದನ್ನೂ ಅಳಿಸಬೇಡಿ.

ಬಾಡಿಗೆ ಮತ್ತು ಭೋಗ್ಯ

ಬಾಡಿಗೆದಾರರ ಬಗ್ಗೆ ಯಾವ ಯೋಜನೆಯೂ ಜಾಸ್ತಿ ಮಾತಾಡುವುದಿಲ್ಲ. ಆದರೆ ಹಳೇ ದಾವಣಗೆರೆಯ ಮಂಡಕ್ಕಿ ಭಟ್ಟಿಯಲ್ಲಿ ದುಡಿಯುವವರು, ಕಾಲೇಜು ಹುಡುಗರು, ಹಳ್ಳಿಯಿಂದ ಮಕ್ಕಳ ಓದಿಗೆಂದು ಬಂದ ತಾಯಂದಿರು, ಇವರೆಲ್ಲ ಬಾಡಿಗೆ ಮನೆಯವರೇ.

1999ರ ಕರ್ನಾಟಕ ಬಾಡಿಗೆ ಕಾಯ್ದೆ ರಕ್ಷಣೆ ಕೊಡುತ್ತದೆ ಅಂತ ತುಂಬಾ ಜನ ನಂಬಿದ್ದಾರೆ. ಆದರೆ ಬೆಂಗಳೂರಿನಾಚೆ ತಿಂಗಳ ಬಾಡಿಗೆ 2,000 ರೂಪಾಯಿ ದಾಟಿದ ಮನೆಗೆ ಅದು ಅನ್ವಯಿಸುವುದಿಲ್ಲ. ಇವತ್ತು ಅಷ್ಟಕ್ಕೆ ಮನೆ ಎಲ್ಲಿ ಸಿಗುತ್ತದೆ? ಹಾಗಾಗಿ ಹೆಚ್ಚಿನವರಿಗೆ ಅನ್ವಯ ಆಗುವುದು 1882ರ ಆಸ್ತಿ ವರ್ಗಾವಣೆ ಕಾಯ್ದೆ ಮತ್ತು ನೀವು ಬರೆದುಕೊಂಡ ಕರಾರು. ಕರಾರಿನಲ್ಲಿ ಬೇರೆ ಹೇಳಿರದಿದ್ದರೆ, ತಿಂಗಳ ಬಾಡಿಗೆಯ ಮನೆ ಬಿಡಿಸಲು 15 ದಿನಗಳ ನೋಟಿಸ್ ಸಾಕು. ಆದರೆ ನೋಟಿಸ್ ಕೊಟ್ಟ ಮಾತ್ರಕ್ಕೆ ಸಾಮಾನು ಹೊರಗೆ ಹಾಕುವ ಹಾಗಿಲ್ಲ. ನೀವು ಬಿಡದಿದ್ದರೆ ಮಾಲೀಕರು ಕೋರ್ಟಿಗೆ ಹೋಗಬೇಕು. ಬೀಗ ಒಡೆದು ಹೊರಹಾಕಿದರೆ, ಆರು ತಿಂಗಳೊಳಗೆ ಸಿವಿಲ್ ಕೋರ್ಟಿಗೆ ಹೋಗಿ ಸ್ವಾಧೀನ ವಾಪಸ್ ಕೇಳುವ ಹಕ್ಕನ್ನು 1963ರ ನಿರ್ದಿಷ್ಟ ಪರಿಹಾರ ಕಾಯ್ದೆ ಕೊಡುತ್ತದೆ. ಆ ಆರು ತಿಂಗಳನ್ನು ರಾಜಿ ಮಾತುಕತೆಯಲ್ಲೇ ಕಳೆದುಬಿಡಬೇಡಿ.

ಕರಾರು ಚಿಕ್ಕದಿರಲಿ, ಆದರೆ ಬರಹದಲ್ಲಿರಲಿ. ಅಡ್ವಾನ್ಸ್ ಎಷ್ಟು, ಬಿಡುವಾಗ ಯಾವುದಕ್ಕೆ ಎಷ್ಟು ಹಿಡಿಯುತ್ತಾರೆ, ವರ್ಷಕ್ಕೆ ಎಷ್ಟು ಏರಿಕೆ, ನೀರಿನ ಬಿಲ್ ಯಾರದ್ದು, ಇಷ್ಟು ಸಾಕು. ಹನ್ನೊಂದು ತಿಂಗಳಿಗೆ ಯಾಕೆ ಬರೆಯುತ್ತಾರೆ ಅಂದರೆ ವರ್ಷ ಮೀರಿದ ಕರಾರನ್ನು ನೋಂದಣಿ ಮಾಡಿಸಲೇಬೇಕು.

ಭೋಗ್ಯದ ಕಥೆ ಇನ್ನೂ ಗಂಭೀರ. ಮೂರು ಲಕ್ಷ ಕೊಟ್ಟು ಮೂರು ವರ್ಷ ಬಾಡಿಗೆ ಇಲ್ಲದೆ ಇರಿ, ಬಿಡುವಾಗ ಮೂರು ಲಕ್ಷ ವಾಪಸ್ ಅನ್ನುವ ಏರ್ಪಾಡು. ತಿಂಗಳ ಬಾಡಿಗೆ ಉಳಿಯುತ್ತದಲ್ಲ ಅಂತ ಹೆಣ್ಣುಮಕ್ಕಳ ಬಂಗಾರ ಅಡವಿಟ್ಟು ಭೋಗ್ಯ ಹಾಕಿಕೊಳ್ಳುವವರಿದ್ದಾರೆ. ಇಲ್ಲಿ ನೀವು ಬಾಡಿಗೆದಾರರು ಅಂದುಕೊಂಡಿರುತ್ತೀರಿ. ಕಾನೂನಿನ ಕಣ್ಣಲ್ಲಿ ನೀವು ಸಾಲ ಕೊಟ್ಟವರು, ಮನೆ ಅದಕ್ಕೆ ಅಡಮಾನ. ಅಡಮಾನ ನೋಂದಣಿ ಆಗದಿದ್ದರೆ ನಿಮ್ಮ ಮೂರು ಲಕ್ಷಕ್ಕೆ ಮನೆಯ ಭದ್ರತೆ ಇಲ್ಲ. ಮಾಲೀಕರು ಅದೇ ಮನೆಯನ್ನು ಮೊದಲೇ ಬ್ಯಾಂಕಿಗೆ ಅಡವಿಟ್ಟು ಕಂತು ಕಟ್ಟದೆ ಬಿಟ್ಟಿದ್ದರೆ, ಒಂದು ದಿನ ಬ್ಯಾಂಕಿನವರು ಬಾಗಿಲಿಗೆ ನೋಟಿಸ್ ಅಂಟಿಸುತ್ತಾರೆ. ಆಗ ನಿಮ್ಮ ಬಾಂಡ್ ಪೇಪರನ್ನು ಯಾರೂ ನೋಡುವುದಿಲ್ಲ. ನನ್ನನ್ನು ಕೇಳಿದರೆ ಭೋಗ್ಯ ಬೇಡ ಅನ್ನುತ್ತೇನೆ. ಹಾಕಿಕೊಳ್ಳಲೇಬೇಕು ಅಂದರೆ ಇಸಿ ನೋಡಿ, ಉಪನೋಂದಣಿ ಕಚೇರಿಯಲ್ಲಿ ನೋಂದಣಿ ಮಾಡಿಸಿ, ಹಣವನ್ನು ಬ್ಯಾಂಕಿನ ಮೂಲಕವೇ ಕೊಡಿ. ನೋಂದಣಿಯ ಖರ್ಚು ಜಾಸ್ತಿ ಅನ್ನಿಸಬಹುದು, ಆದರೆ ಮುಳುಗುವುದು ಲಕ್ಷಗಳಲ್ಲಿ.

"ನೀವು ಯಾವ ಜನ?"

ಟು-ಲೆಟ್ ಬೋರ್ಡ್ ನೋಡಿ ಫೋನ್ ಮಾಡಿದರೆ ಎರಡನೇ ಪ್ರಶ್ನೆ ಇದೇ. ಉತ್ತರ ಕೇಳಿದ ಮೇಲೆ ಮನೆ 'ನಿನ್ನೇನೇ ಕೊಟ್ಟಾಯ್ತು' ಆಗಿಬಿಡುತ್ತದೆ. ಇದನ್ನು ಸಾಮಾನ್ಯ ಅಂತ ಬಿಟ್ಟುಬಿಡುವುದು ತಪ್ಪು. ಅಸ್ಪೃಶ್ಯತೆಯ ಕಾರಣಕ್ಕೆ ಯಾರಿಗೂ ಯಾವ ಬಡಾವಣೆಯಲ್ಲೂ ವಾಸಕ್ಕೆ ಅಡ್ಡಿ ಮಾಡುವುದು 1955ರ ನಾಗರಿಕ ಹಕ್ಕುಗಳ ಸಂರಕ್ಷಣಾ ಕಾಯ್ದೆಯಡಿ ಅಪರಾಧ. ಇಂಥ ಪ್ರಕರಣವನ್ನು ಪೊಲೀಸ್ ಠಾಣೆಗೂ ಸಮಾಜ ಕಲ್ಯಾಣ ಇಲಾಖೆಗೂ ಬರಹದಲ್ಲಿ ಕೊಡಿ. ಲಿಂಗತ್ವ ಅಲ್ಪಸಂಖ್ಯಾತರಿಗೆ ಬಾಡಿಗೆ ನಿರಾಕರಿಸುವುದನ್ನು 2019ರ ಕಾಯ್ದೆ, ಎಚ್ಐವಿ ಇರುವವರಿಗೆ ನಿರಾಕರಿಸುವುದನ್ನು 2017ರ ಕಾಯ್ದೆ ನಿಷೇಧಿಸಿವೆ. ಧರ್ಮ ನೋಡಿ, ಒಂಟಿ ಹೆಣ್ಣು ಅಂತ ನೋಡಿ, ಊಟ ನೋಡಿ ಖಾಸಗಿ ಮಾಲೀಕರು ಇಲ್ಲ ಅಂದರೆ ತಡೆಯಲು ನೇರವಾದ ಕಾನೂನು ನಮ್ಮಲ್ಲಿಲ್ಲ. ಅದು ಬರಬೇಕು.

ಗಂಡನ ಮನೆಯಿಂದ ಹೊರಹಾಕಿಸಿಕೊಂಡ ಹೆಣ್ಣುಮಕ್ಕಳ ವಿಷಯ ಬೇರೆ. 2005ರ ಕೌಟುಂಬಿಕ ದೌರ್ಜನ್ಯ ತಡೆ ಕಾಯ್ದೆ ಪ್ರಕಾರ, ಮನೆ ಯಾರ ಹೆಸರಲ್ಲೇ ಇರಲಿ, ಒಟ್ಟಿಗೆ ಬಾಳಿದ ಮನೆಯಲ್ಲಿ ಇರುವ ಹಕ್ಕು ಅವರಿಗಿದೆ. ಬೇರೆ ಮನೆಯ ಬಾಡಿಗೆ ಕೊಡಿಸಿ ಅಂತಲೂ ಕೇಳಬಹುದು. ಹೋಗಬೇಕಾದ್ದು ಮಹಿಳಾ ಮತ್ತು ಮಕ್ಕಳ ಅಭಿವೃದ್ಧಿ ಇಲಾಖೆಯ ಸಂರಕ್ಷಣಾಧಿಕಾರಿಯ ಹತ್ತಿರ.

ಕೆಲಸ ಮುಂದೆ ಹೋಗದಿದ್ದರೆ

ಸರಿಯಾದ ಕಚೇರಿಗೇ ಹೋದಿರಿ, ಆದರೂ ಕೆಲಸ ಆಗಲಿಲ್ಲ. ಆಗ ಮೊದಲು ನೋಡಬೇಕಾದ್ದು ನಿಮ್ಮ ಹತ್ತಿರ ಸ್ವೀಕೃತಿ ಇದೆಯಾ ಅಂತ. ಬಾಯಿಮಾತಲ್ಲಿ ಕೇಳಿದ್ದಕ್ಕೆ ಬೆಲೆ ಇಲ್ಲ. ಅರ್ಜಿಯ ಎರಡು ಪ್ರತಿ ಮಾಡಿ, ಒಂದರ ಮೇಲೆ ಕಚೇರಿ ಮೊಹರು, ದಿನಾಂಕ ಹಾಕಿಸಿಕೊಳ್ಳಿ. ಮೊಹರು ಹಾಕಲ್ಲ ಅಂದರೆ ಅಂಚೆಯಲ್ಲಿ ರಿಜಿಸ್ಟರ್ ಮಾಡಿ ಕಳಿಸಿ.

ತಿಂಗಳಾದರೂ ಉತ್ತರ ಇಲ್ಲದಿದ್ದರೆ ಮಾಹಿತಿ ಹಕ್ಕಿನಲ್ಲಿ ಕೇಳಿ. 10 ರೂಪಾಯಿ ಶುಲ್ಕ, 30 ದಿನದಲ್ಲಿ ಉತ್ತರ ಕೊಡಬೇಕು. "ನನಗೆ ಮನೆ ಯಾಕೆ ಕೊಡಲಿಲ್ಲ" ಅಂತ ಕೇಳಬೇಡಿ, ಅದಕ್ಕೆ ಉತ್ತರ ಬರುವುದಿಲ್ಲ. ಇಂಥ ದಿನಾಂಕದ ಗ್ರಾಮಸಭೆಯ ನಡಾವಳಿ ಪ್ರತಿ, ಆಯ್ಕೆ ಪಟ್ಟಿಯ ಪ್ರತಿ, ನನ್ನ ಅರ್ಜಿಯ ಮೇಲೆ ಆದ ಟಿಪ್ಪಣಿಯ ಪ್ರತಿ ಕೊಡಿ ಅಂತ ಕೇಳಿ. ಪಟ್ಟಿ ಬದಲಾಗಿದ್ದರೆ ಅಲ್ಲೇ ಸಿಕ್ಕಿಬೀಳುತ್ತದೆ. ಆ ಪ್ರತಿಗಳ ಜೊತೆ ತಾಲ್ಲೂಕು ಪಂಚಾಯಿತಿ ಕಾರ್ಯನಿರ್ವಾಹಕ ಅಧಿಕಾರಿಗೆ, ಆಮೇಲೆ ಜಿಲ್ಲಾ ಪಂಚಾಯಿತಿ ಸಿಇಒಗೆ ದೂರು ಕೊಡಿ. ಈಗ ಜಿಲ್ಲಾಧಿಕಾರಿಗಳು ಜನರ ಅಹವಾಲು ಕೇಳುವ ಜನಸ್ಪಂದನ ಸಭೆಗೆ ಹೋದರೆ ನಿಮ್ಮ ಮಾತಿಗೆ ತೂಕ ಇರುತ್ತದೆ. ಫೋನಿನಲ್ಲಿ ದೂರು ಕೊಡಲು 1902 ಇದೆ. ಲಂಚ ಕೇಳಿದರೆ ಎರಡೂ ಜಿಲ್ಲೆಯಲ್ಲಿ ಲೋಕಾಯುಕ್ತ ಪೊಲೀಸರಿದ್ದಾರೆ. ದುಡ್ಡು ಕೊಡುವ ಮೊದಲು ಅವರ ಹತ್ತಿರ ಹೋಗಿ.

ವಕೀಲರಿಗೆ ಕೊಡಲು ದುಡ್ಡಿಲ್ಲ ಅಂತ ಬಿಡಬೇಡಿ. ಜಿಲ್ಲಾ ನ್ಯಾಯಾಲಯದ ಆವರಣದಲ್ಲಿ ಜಿಲ್ಲಾ ಕಾನೂನು ಸೇವೆಗಳ ಪ್ರಾಧಿಕಾರ ಇದೆ, ತಾಲ್ಲೂಕು ಕೋರ್ಟುಗಳಲ್ಲಿ ಅದರ ಸಮಿತಿಗಳಿವೆ. 1987ರ ಕಾಯ್ದೆ ಪ್ರಕಾರ ಹೆಣ್ಣುಮಕ್ಕಳಿಗೆ, ಪರಿಶಿಷ್ಟ ಜಾತಿ ಪಂಗಡದವರಿಗೆ, ಅಂಗವಿಕಲರಿಗೆ, ಕಾರ್ಖಾನೆ ಕಾರ್ಮಿಕರಿಗೆ ಆದಾಯ ಎಷ್ಟೇ ಇದ್ದರೂ ವಕೀಲರು ಉಚಿತ. ಉಳಿದ ಬಡವರಿಗೆ ಆದಾಯದ ಮಿತಿ ನೋಡುತ್ತಾರೆ. ಭೋಗ್ಯದ ಹಣ ವಾಪಸ್ ಬರದಿರುವುದು, ಬಾಡಿಗೆ ಜಗಳ, ಅಣ್ಣತಮ್ಮಂದಿರ ಮನೆ ಭಾಗ, ಇಂಥವು ಕೇಸಿಗೆ ಮೊದಲೇ ಲೋಕ ಅದಾಲತ್‌ನಲ್ಲಿ ರಾಜಿಯಾಗಬಹುದು. ಅಲ್ಲಿ ಕೋರ್ಟ್ ಶುಲ್ಕ ಇಲ್ಲ, ಆದ ರಾಜಿಗೆ ಕೋರ್ಟ್ ತೀರ್ಪಿನಷ್ಟೇ ಬೆಲೆ ಇದೆ. ಫೋನ್ ಮಾಡಿ ಕೇಳುವುದಾದರೆ ಸಂಖ್ಯೆ 15100. ಹೋಗುವಾಗ ಆಧಾರ್, ರೇಷನ್ ಕಾರ್ಡ್, ಆ ಮೊಹರು ಬಿದ್ದ ಅರ್ಜಿ ಪ್ರತಿ, ಕರಾರಿನ ಅಥವಾ ರಸೀದಿಯ ನಕಲು ತೆಗೆದುಕೊಂಡು ಹೋಗಿ. ಮೂಲ ಕಾಗದವನ್ನು ಯಾರ ಕೈಗೂ ಕೊಡಬೇಡಿ.